ತ್ಯಾಪಿ ಹಚ್ಚಿದ ಕುರ್ಚಿ

ಅಮೆರಿಕದ ಸಿಯಾಟಲ್ ನಗರದಲ್ಲಿ ಎತ್ತರದ ಕಟ್ಟಡವೊಂದರ ಮೇಲಂತಸ್ತಿನ ಮನೆ. ಕಿಟಕಿಯ ತುಂಬ ಊರು, ಅದರ ನಡುವೆ ಸ್ಪೇಸ್ ನೀಡಲ್ ಗೋಪುರ. ಒಳಗೆ ಸ್ಟೈನ್‌ವೇ ಪಿಯಾನೊ, ಈಮ್ಸ್ ವಿನ್ಯಾಸದ ಕುರ್ಚಿ, ಪ್ಯಾರಿಸ್ಸಿನಲ್ಲಿ ಕೊಕೊ ಶನೆಲ್ ಇಟ್ಟುಕೊಂಡಿದ್ದ ಸೋಫಾದ ತದ್ರೂಪು. ಮನೆಯ ಯಜಮಾನ ಡಾಕ್ಟರ್ ಫ್ರೇಜರ್ ಕ್ರೇನ್, ಮನೋವೈದ್ಯ. ಬಾಸ್ಟನ್ನಿನಲ್ಲಿ ಸಂಸಾರ ಮುರಿದಿದೆ, ಚಿಕ್ಕ ಮಗ ತಾಯಿಯ ಹತ್ತಿರ ಉಳಿದಿದ್ದಾನೆ. ಹುಟ್ಟೂರಿಗೆ ಮರಳಿ ಬಂದವನು ಇನ್ನಾದರೂ ಬದುಕು ತನಗೆ ಬೇಕಾದಂತೆ ಇರಲಿ ಎಂದು ಒಂದೊಂದು ಸಾಮಾನನ್ನೂ ಆರಿಸಿ ಜೋಡಿಸಿದ್ದಾನೆ. ಆ ಪಡಸಾಲೆಯ ನಟ್ಟನಡುವೆ ಹಳೆಯ ಆರಾಮ ಕುರ್ಚಿಯೊಂದು ಬಂದು ಕೂಡುತ್ತದೆ. ಪಾಚಿಹಸಿರು, ಸಾಸಿವೆಹಳದಿ ಪಟ್ಟೆಗಳ ಮಾಸಿದ ಬಟ್ಟೆ. ಹರಿದ ಕಡೆಯಲ್ಲೆಲ್ಲ ಅಂಟುಪಟ್ಟಿಯ ತ್ಯಾಪಿ. ಅದು ಅಪ್ಪನ ಕುರ್ಚಿ. ಕುರ್ಚಿಯ ಜೊತೆಗೆ ಅಪ್ಪ, ಅಪ್ಪನ ಕೈಯಲ್ಲಿ ಕೋಲು, ಕೋಲಿನ ಹಿಂದೆ ಒಂದು ನಾಯಿ.

1993ರ ಸೆಪ್ಟೆಂಬರ್ 16ರಂದು ಎನ್‌ಬಿಸಿ ವಾಹಿನಿಯಲ್ಲಿ ಈ ಕುರ್ಚಿ ಮೊದಲ ಸಲ ಆ ಮನೆಯ ಹೊಸ್ತಿಲು ದಾಟಿತು. ಧಾರಾವಾಹಿಯ ಹೆಸರು ‘ಫ್ರೇಜರ್’. ಡೇವಿಡ್ ಏಂಜೆಲ್, ಪೀಟರ್ ಕೇಸಿ, ಡೇವಿಡ್ ಲೀ ಎಂಬ ಮೂವರು ಅದನ್ನು ಹುಟ್ಟುಹಾಕಿದವರು. 2004ರ ಮೇ 13ರಂದು ಅದು ಮುಗಿಯುವ ಹೊತ್ತಿಗೆ ಹನ್ನೊಂದು ಸೀಸನ್, 264 ಕಂತು, 37 ಎಮ್ಮಿ ಪ್ರಶಸ್ತಿಗಳು ಆಗಿದ್ದವು. ಇವು ಹೊರಗಿನ ಲೆಕ್ಕ. ಒಳಗಿನ ಲೆಕ್ಕ ಬೇರೆ. ಆ ಮನೆಗೆ ಬಂದುಹೋಗುವ ಒಬ್ಬೊಬ್ಬರನ್ನೂ ನೋಡಿ. ಫ್ರೇಜರ್ ಎರಡು ಮದುವೆ ಮುರಿದವನು. ಅಪ್ಪ ಮಾರ್ಟಿನ್ ನಿವೃತ್ತ ಪೊಲೀಸ್. ಹೆಂಡತಿ ತೀರಿಕೊಂಡಿದ್ದಾಳೆ, ಕಳ್ಳನೊಬ್ಬ ಹೊಡೆದ ಗುಂಡು ಸೊಂಟಕ್ಕೆ ತಗುಲಿ ಒಬ್ಬನೇ ಇರಲಾರದವನಾಗಿದ್ದಾನೆ. ತಮ್ಮ ನೈಲ್ಸ್ ಕೂಡ ಮನೋವೈದ್ಯ. ಹೆಂಡತಿಯಿದ್ದೂ ಒಂಟಿ, ಆಮೇಲೆ ವಿಚ್ಛೇದನವಾಗಿ ಒಂಟಿ. ಅಪ್ಪನ ಆರೈಕೆಗೆಂದು ಬಂದ ಡ್ಯಾಫ್ನಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನವಳು, ಸಮುದ್ರ ದಾಟಿ ಪರರ ಮನೆಯಲ್ಲಿ ಇರುವವಳು. ಫ್ರೇಜರ್ ನಡೆಸುವ ರೇಡಿಯೊ ಕಾರ್ಯಕ್ರಮದ ನಿರ್ಮಾಪಕಿ ರಾಝ್ ಮದುವೆಯಿಲ್ಲದೆ ಮಗಳನ್ನು ಹೆತ್ತು ಸಾಕುವವಳು. ಒಬ್ಬರಿಗೂ ನೆಟ್ಟಗೊಂದು ಜೋಡಿಯಿಲ್ಲ. ಇಂಥವರನ್ನೆಲ್ಲ ಒಂದೇ ಸೂರಿನಡಿ ಕೂಡಿಸಿ ಹನ್ನೊಂದು ವರ್ಷ ನಗಿಸಿದ ಬರವಣಿಗೆ ಇದು.

ನಮ್ಮ ಬಂಕಾಪುರದಲ್ಲಿ ಕೂತು ಇದನ್ನು ನೋಡುವವರಿಗೆ ಇದರ ರುಚಿ ಸ್ವಲ್ಪ ಬೇರೆ ದಾರಿಯಿಂದ ಹತ್ತುತ್ತದೆ. ಗಂಡ ಹೆಂಡತಿ ಬೇರೆಯಾಗುವುದು ನಮ್ಮ ಕಡೆ ಎಂದೂ ಇರದ ಸಂಗತಿಯೇನಲ್ಲ. 1956ರವರೆಗೆ ಈ ಊರು ಮುಂಬಯಿ ಸರ್ಕಾರದ ಕೆಳಗೆ ಧಾರವಾಡ ಜಿಲ್ಲೆಯಲ್ಲಿತ್ತು. 1947ರಲ್ಲಿಯೇ ಮುಂಬಯಿ ಸರ್ಕಾರ ಹಿಂದೂಗಳಿಗೆ ವಿಚ್ಛೇದನದ ಕಾಯ್ದೆ ಮಾಡಿತು. ಇಡೀ ದೇಶಕ್ಕೆ ಹಿಂದೂ ವಿವಾಹ ಕಾಯ್ದೆ ಬಂದದ್ದು ಅದಾದ ಎಂಟು ವರ್ಷಕ್ಕೆ, 1955ರಲ್ಲಿ. ಇಬ್ಬರೂ ಒಪ್ಪಿ ಬೇರೆಯಾಗುವ ಅವಕಾಶ 1976ರ ತಿದ್ದುಪಡಿಯಿಂದ ದೊರೆಯಿತು. ಕಾಯ್ದೆಗಳಿಗಿಂತ ಮೊದಲೇ ನಮ್ಮ ಹಲವು ಸಮಾಜಗಳಲ್ಲಿ ಪಂಚರ ಮುಂದೆ ಸೋಡಚೀಟಿ ಬರೆದುಕೊಡುವ ಪದ್ಧತಿ ಇತ್ತು. ಬಿಟ್ಟವಳು, ಗಂಡ ಸತ್ತವಳು ಉಡಿಕಿಯಾಗಿ ಇನ್ನೊಂದು ಮನೆ ಸೇರುವ ದಾರಿಯೂ ಇತ್ತು. ಇರದಿದ್ದದ್ದು ಅವೆರಡರ ನಡುವಿನ ವರ್ಷಗಳಿಗೆ ಒಂದು ಜಾಗ. ಸೋಡಚೀಟಿ ಆದ ಮೇಲೆ, ಉಡಿಕಿ ಆಗುವುದಕ್ಕೆ ಮುಂಚೆ, ಅಥವಾ ಉಡಿಕಿ ಆಗದೆಯೇ ಉಳಿದುಹೋದಾಗ, ಆ ಮನುಷ್ಯರು ಸಂಜೆ ಹೊತ್ತು ಎಲ್ಲಿ ಕೂಡಬೇಕು, ಯಾರ ಜೊತೆ ಚಹಾ ಕುಡಿಯಬೇಕು, ಹಬ್ಬದ ದಿನ ಯಾರ ಮನೆಯ ಹೋಳಿಗೆ ಉಣ್ಣಬೇಕು ಎಂಬುದನ್ನು ನಮ್ಮ ಕಥೆಗಳು ಹೆಚ್ಚು ಕೇಳಿಲ್ಲ. ತವರಿಗೆ ಮರಳಿದವಳನ್ನು ಓಣಿಯೆಲ್ಲ ವಿಚಾರಿಸುತ್ತದೆ: ‘ಯಾವಾಗ ಬಂದಿ ಯವ್ವಾ, ಎಷ್ಟ್ ದಿನಾ ಇರ್ತಿ?’ ಸಿಯಾಟಲ್ಲಿನಲ್ಲಿ ಯಾರೂ ಕೇಳುವುದಿಲ್ಲ. ಒಂದು ಕಡೆ ಕೇಳುವವರೇ ಇಲ್ಲದ ಒಂಟಿತನ, ಇನ್ನೊಂದು ಕಡೆ ಎಲ್ಲರೂ ಕೇಳುವ ಒಂಟಿತನ. ಎರಡನೆಯದನ್ನು ಕಂಡವರಿಗೆ ಮೊದಲನೆಯದು ಅರ್ಥವಾಗಲು ತಡವಾಗುವುದಿಲ್ಲ.

ಬೇಕೆಂದೇ ಆರಿಸಿಕೊಂಡ ಏಕಾಂತಕ್ಕೆ ನಮ್ಮಲ್ಲಿ ದೊಡ್ಡ ಮರ್ಯಾದೆಯಿದೆ. ಗಂಗರ ಅರಸ ಮಾರಸಿಂಹ ಹತ್ತನೆಯ ಶತಮಾನದಲ್ಲಿ ಸಿಂಹಾಸನ ಬಿಟ್ಟು ಬಂದು ಇದೇ ಬಂಕಾಪುರದಲ್ಲಿ, ಅಜಿತಸೇನಾಚಾರ್ಯರ ಸನ್ನಿಧಿಯಲ್ಲಿ, ಸಲ್ಲೇಖನ ವ್ರತದಿಂದ ದೇಹ ಬಿಟ್ಟನೆಂದು ಶ್ರವಣಬೆಳಗೊಳದ ಕೂಗೆ ಬ್ರಹ್ಮದೇವ ಕಂಬದ ಶಾಸನ ಹೇಳುತ್ತದೆ. ನಮ್ಮದೇ ತಾಲೂಕಿನ ಶಿಶುನಾಳದ ಶರೀಫರು ಮಡದಿ ಫಾತಿಮಾ ತೀರಿಕೊಂಡ ಮೇಲೆ ಸಂಸಾರದ ಹಂಗು ಬಿಟ್ಟರೆಂದು ಜನ ಹೇಳುತ್ತಾರೆ. ಬಿಟ್ಟುಹೋದವರನ್ನು ಕೈ ಮುಗಿದು ನೆನೆಯುತ್ತೇವೆ. ತಾವಾಗಿ ಬಿಡದೆ, ಬದುಕು ತಾನೇ ಕೈಬಿಟ್ಟವರನ್ನು ನೆನೆಯುವ ಬಗೆ ನಮಗೆ ಇನ್ನೂ ಪೂರ್ತಿ ಒಲಿದಿಲ್ಲ. ಈ ಅಮೆರಿಕನ್ ಧಾರಾವಾಹಿ ನನಗೆ ಹತ್ತಿರವಾದದ್ದು ಇಲ್ಲಿ. ಅದು ಆ ನಡುವಿನ ವರ್ಷಗಳಲ್ಲಿ ಮನೆ ಮಾಡಿಕೊಂಡಿದೆ.

ಅಮೆರಿಕಕ್ಕೂ ಇದು ಸಲೀಸಾಗಿ ಬಂದದ್ದಲ್ಲ. 1970ರಲ್ಲಿ ‘ಮೇರಿ ಟೈಲರ್ ಮೂರ್ ಷೋ’ ಶುರುವಾಗುವಾಗ ನಾಯಕಿ ವಿಚ್ಛೇದಿತೆಯಾಗಿರಲಿ ಎಂದು ಬರೆದವರು ಬಯಸಿದ್ದರು. ಸಿಬಿಎಸ್ ವಾಹಿನಿ ಒಪ್ಪಲಿಲ್ಲ. ಮೇರಿ ಅದಕ್ಕೆ ಮೊದಲು ಡಿಕ್ ವ್ಯಾನ್ ಡೈಕನ ಹೆಂಡತಿಯ ಪಾತ್ರದಲ್ಲಿ ಮನೆಮಾತಾಗಿದ್ದವಳು. ಜನ ಅವನನ್ನೇ ಬಿಟ್ಟಳೆಂದು ತಿಳಿದಾರು ಎಂಬ ಭಯ. ಕೊನೆಗೆ ಅವಳು ನಿಶ್ಚಯವಾದ ಸಂಬಂಧ ಮುರಿದುಕೊಂಡ ಕನ್ಯೆಯಾದಳು. ಅದೇ ವರ್ಷ ‘ದಿ ಆಡ್ ಕಪಲ್’ ಹೆಂಡತಿಯರಿಂದ ದೂರವಾದ ಇಬ್ಬರು ಗಂಡಸರನ್ನು ಒಂದೇ ಮನೆಯಲ್ಲಿ ಇರಿಸಿ ನಗಿಸಿತು, ಗಂಡಸರಾದರೆ ನಡೆಯುತ್ತಿತ್ತು. ಅದೇ 1970ರ ಜನವರಿಯಿಂದ ಕ್ಯಾಲಿಫೋರ್ನಿಯಾದಲ್ಲಿ ಯಾರ ಮೇಲೂ ತಪ್ಪು ಹೊರಿಸದೆ ವಿಚ್ಛೇದನ ಪಡೆಯುವ ಕಾಯ್ದೆ ಜಾರಿಗೆ ಬಂದಿತ್ತು. 1988ರಲ್ಲಿ ಬಂದ ‘ಡಿಯರ್ ಜಾನ್’ ಮೂಲತಃ ಇಂಗ್ಲೆಂಡಿನ ಧಾರಾವಾಹಿ. ಹೆಂಡತಿ ಬಿಟ್ಟುಹೋದ ಶಿಕ್ಷಕನೊಬ್ಬ ತನ್ನಂಥ ಒಂಟಿಗಳ ಕೂಟಕ್ಕೆ ಸೇರುವ ಕಥೆ. ಅದು ಒಂಟಿಗಳನ್ನು ಒಂದು ಕೋಣೆಯಲ್ಲಿ ಗುಂಡಾಗಿ ಕೂರಿಸಿ ಅವರವರ ನೋವು ಹೇಳಿಸಿತು. ‘ಫ್ರೇಜರ್’ ಹಾಗೆ ಕೂರಿಸುವುದಿಲ್ಲ. ಅಲ್ಲಿ ನೋವನ್ನು ಯಾರೂ ನೇರವಾಗಿ ಹೇಳಲಾರರು. ದಿನವಿಡೀ ಊರವರ ನೋವನ್ನು ರೇಡಿಯೊದಲ್ಲಿ ಕೇಳುವ ವೈದ್ಯನಿಗೇ ತನ್ನ ಅಪ್ಪನ ಜೊತೆ ಎರಡು ಮಾತು ಆಡಲು ಬಾರದು.

ಮೊದಲ ಕಂತಿನ ಕೊನೆಯ ಭಾಗವನ್ನು ಹತ್ತಿರದಿಂದ ನೋಡಬೇಕು. ಅಪ್ಪ ಮಗ ಜಗಳವಾಡಿದ್ದಾರೆ. ಮಗನ ದೂರು ಒಂದೇ: ಇಷ್ಟೆಲ್ಲ ಮಾಡಿದರೂ ನಿನ್ನ ಬಾಯಿಂದ ಒಂದು ಉಪಕಾರದ ಮಾತು ಬರಲಿಲ್ಲ. ಸಿಟ್ಟಿನಲ್ಲಿ ರೇಡಿಯೊ ಕೇಂದ್ರಕ್ಕೆ ಬರುತ್ತಾನೆ, ಮೈಕಿನ ಮುಂದೆ ಕೂಡುತ್ತಾನೆ, ಕೇಳುಗರ ಕರೆಗಳು ಒಂದಾದ ಮೇಲೊಂದು ಬರುತ್ತವೆ. ಒಂದು ಕರೆ ಮಾರ್ಟಿನ್ ಎಂಬಾತನದು. ಅಪ್ಪ ಮನೆಯಿಂದ ಫೋನು ಮಾಡಿದ್ದಾನೆ. ಇಬ್ಬರಿಗೂ ಗೊತ್ತು, ಇಬ್ಬರೂ ಗೊತ್ತಿಲ್ಲದವರಂತೆ ಮಾತಾಡುತ್ತಾರೆ. ಮಗನ ಮನೆಗೆ ಬಂದಿದ್ದೇನೆ, ಹೊಂದಿಕೆಯಾಗುತ್ತಿಲ್ಲ. ಅವನು ಹೊಸ ಬದುಕು ಕಟ್ಟಿಕೊಳ್ಳಲು ಹೊರಟಿದ್ದ, ನಾನು ಅಡ್ಡ ಬಂದೆನೇನೋ ಎನ್ನುತ್ತಾನೆ ಅಪ್ಪ. ನಿಮ್ಮ ಬದುಕೂ ಬದಲಾಗಿದೆ ಎಂಬುದನ್ನು ನಿಮ್ಮ ಮಗ ಗಮನಿಸಿರಲಿಕ್ಕಿಲ್ಲ ಎನ್ನುತ್ತಾನೆ ವೈದ್ಯ. ಅವನು ಮಾಡಿದ್ದೆಲ್ಲ ನನಗೆ ಎಷ್ಟು ಬೇಕಾಗಿತ್ತು ಎಂಬುದು ಅವನಿಗೆ ತಿಳಿದಿದೆಯೋ ಇಲ್ಲವೋ, ಅಂಥ ಮಾತು ನನಗೆ ಹೇಳಲು ಬಾರದು ಎನ್ನುತ್ತಾನೆ ಅಪ್ಪ. ಅವನಿಗೆ ಈಗಾಗಲೇ ತಿಳಿದಿರಬಹುದು ಎನ್ನುತ್ತಾನೆ ಮಗ. ಕೊನೆಗೆ ಅಪ್ಪ ಡಾಕ್ಟರಿಗೆ ಥ್ಯಾಂಕ್ಸ್ ಹೇಳುತ್ತಾನೆ. ಹೇಳಿ ಸುಮ್ಮನಾಗುವುದಿಲ್ಲ, ಅಂದದ್ದು ಕೇಳಿಸಿತೋ ಇಲ್ಲವೋ ಎಂದು ಜೋರಾಗಿ ವಿಚಾರಿಸುತ್ತಾನೆ. ಪ್ರೇಕ್ಷಕರ ನಗೆ ಅಲ್ಲಿ ಸಿಡಿಯುತ್ತದೆ. ನನಗೆ ಅಲ್ಲಿ ಗಂಟಲು ಕಟ್ಟುತ್ತದೆ. ಅಪ್ಪನ ಪಾತ್ರದ ಜಾನ್ ಮಹೋನಿ ಆ ಒಂದು ಮಾತನ್ನು ಜಬರಿಸುವ ದನಿಯಲ್ಲಿ ಆಡುತ್ತಾನೆ. ಮೃದುವಾಗಿ ಆಡಿದ್ದರೆ ಅದು ಬರೀ ಅಳುವ ದೃಶ್ಯವಾಗುತ್ತಿತ್ತು.

ಹಾಸ್ಯ ಹುಟ್ಟುವುದು ಶೃಂಗಾರದಿಂದ ಎಂದು ಭರತ ಹೇಳಿದ. ಹಾಸ್ಯಕ್ಕೂ ಕರುಣಕ್ಕೂ ಆಗಿಬರುವುದಿಲ್ಲವೆಂದು ‘ಸಾಹಿತ್ಯದರ್ಪಣ’ದ ವಿಶ್ವನಾಥ ವಿರೋಧಿ ರಸಗಳ ಪಟ್ಟಿಯಲ್ಲಿ ಸೇರಿಸಿದ. ಈ ಧಾರಾವಾಹಿಯನ್ನು ನೋಡುವಾಗ ಭರತನ ಮಾತು ನಿಜವೆನಿಸುತ್ತದೆ, ವಿಶ್ವನಾಥನ ಮಾತನ್ನು ಒಪ್ಪಲು ಮನಸ್ಸು ಬರುವುದಿಲ್ಲ. ಇಲ್ಲಿನ ಹಾಸ್ಯ ಶೃಂಗಾರದಿಂದಲೇ ಹುಟ್ಟುತ್ತದೆ, ಆದರೆ ಶೃಂಗಾರ ಮುಗಿದುಹೋದ ಮೇಲೆ ಹುಟ್ಟುತ್ತದೆ. ಪ್ರೀತಿ ಇದ್ದ ಜಾಗ ಖಾಲಿಯಾಗಿದೆ. ಆ ಖಾಲಿಯ ಸುತ್ತ ಈ ಜನ ಮದ್ಯದ ರುಚಿ, ಸಂಗೀತದ ರುಚಿ, ಕಾಫಿಯ ನೊರೆ ಎಂದು ಏನೇನೋ ಶಿಸ್ತು ಕಟ್ಟಿಕೊಂಡಿದ್ದಾರೆ. ಆ ಶಿಸ್ತು ಕುಸಿದಾಗ ನಾವು ನಗುತ್ತೇವೆ, ಕುಸಿದದ್ದರ ಅಡಿಯಲ್ಲಿ ಕಾಣುವುದು ಕರುಣ. ಎರಡು ರಸಗಳು ಒಂದೇ ಗಳಿಗೆಯಲ್ಲಿ ಇರುತ್ತವೆ.

ಕುರ್ಚಿಗೆ ಮರಳುತ್ತೇನೆ. ಮೊದಲ ಸೀಸನ್ನಿನಲ್ಲೇ ಅದಕ್ಕೊಂದು ಪೂರ್ತಿ ಕಂತು ಮೀಸಲಾಗಿದೆ. ಫ್ರೇಜರ್ ತಡೆಯಲಾರದೆ ಅಪ್ಪನಿಗೆ ಮೈ ಒತ್ತುವ ಯಂತ್ರವಿರುವ ಹೊಸ ಕುರ್ಚಿ ತಂದುಕೊಡುತ್ತಾನೆ, ಹಳೆಯದನ್ನು ಹೊರಗೆ ಹಾಕಿಸುತ್ತಾನೆ. ಅದು ಕೈತಪ್ಪಿ ಹೋಗುತ್ತದೆ. ಆಗ ಅಪ್ಪ ಹೇಳುತ್ತಾನೆ. ಚಂದ್ರನ ಮೇಲೆ ಆರ್ಮ್‌ಸ್ಟ್ರಾಂಗ್ ಕಾಲಿಟ್ಟದ್ದನ್ನು ಅವನು ನೋಡಿದ್ದು ಆ ಕುರ್ಚಿಯಲ್ಲಿ ಕೂತು. 1980ರ ಒಲಿಂಪಿಕ್ಸಿನಲ್ಲಿ ಅಮೆರಿಕದ ಹಾಕಿ ತಂಡ ರಷ್ಯನ್ನರನ್ನು ಸೋಲಿಸಿದ್ದನ್ನು ಕಂಡದ್ದೂ ಅದರಲ್ಲೇ. ಮೊಮ್ಮಗ ಹುಟ್ಟಿದನೆಂದು ಫ್ರೇಜರ್ ಫೋನು ಮಾಡಿದ ರಾತ್ರಿಯೂ ಅಲ್ಲೇ ಕೂತಿದ್ದ. ಟಿವಿ ನೋಡುತ್ತ ನಿದ್ದೆ ಹೋದಾಗ ಹೆಂಡತಿ ಬಂದು ಮುತ್ತಿಟ್ಟು ಎಬ್ಬಿಸುತ್ತಿದ್ದದ್ದು ಆ ಕುರ್ಚಿಯಿಂದ. ಈಗಲೂ ಅದರಲ್ಲಿ ನಿದ್ದೆ ಹೋಗುತ್ತಾನೆ. ಒಮ್ಮೊಮ್ಮೆ ಎಚ್ಚರವಾದಾಗ ಆಕೆ ನಿಂತಿರುತ್ತಾಳೆಂದು ಇವತ್ತಿಗೂ ಎದುರು ನೋಡುತ್ತಾನೆ.

ಬರವಣಿಗೆಯ ಸೊಗಸು ಆ ಪಟ್ಟಿಯ ಕ್ರಮದಲ್ಲಿದೆ. ಮೊದಲು ಇಡೀ ಲೋಕಕ್ಕೆ ಸೇರಿದ ಘಟನೆ, ಆಮೇಲೆ ದೇಶದ್ದು, ಆಮೇಲೆ ಕುಟುಂಬದ್ದು, ಕೊನೆಗೆ ಇಬ್ಬರಿಗೆ ಮಾತ್ರ ಗೊತ್ತಿದ್ದದ್ದು. ಮೊದಲ ಎರಡು ಕೇಳುವಾಗ ಪ್ರೇಕ್ಷಕರು ನಗಲು ತಯಾರಾಗಿರುತ್ತಾರೆ, ಮೂರನೆಯದಕ್ಕೆ ಸುಮ್ಮನಾಗುತ್ತಾರೆ. ನಮ್ಮ ಕಡೆಯ ಮನೆಗಳಲ್ಲೂ ಅಜ್ಜನ ಮಂಚ, ಅಜ್ಜಿಯ ಸಂದೂಕ ಎಂದು ಮೂಲೆಯಲ್ಲಿ ಉಳಿದ ಸಾಮಾನು ಇರುತ್ತವೆ. ಹೊಸ ಮನೆ ಕಟ್ಟಿಸಿದ ಮಗ ಅವನ್ನು ಹಿತ್ತಲಿಗೆ ಹಾಕುವಾಗ ಆಡುವ ಮಾತು, ಕೇಳುವ ಮುಖ ಎಲ್ಲವೂ ನಾವು ಕಂಡದ್ದೇ. ಆ ಸಾಮಾನಿಗೆ ಬಾಯಿ ಕೊಟ್ಟು ಒಂದು ನಿಮಿಷ ಮಾತಾಡಿಸಿದ ಬರವಣಿಗೆ ಎಷ್ಟು ಧಾರಾವಾಹಿಗಳಲ್ಲಿ ಸಿಕ್ಕೀತು?

ಕಟ್ಟುವ ಕೌಶಲವೂ ಅಷ್ಟೇ ಶ್ರದ್ಧೆಯದು. ಪ್ಯಾರಮೌಂಟ್ ಸ್ಟುಡಿಯೊದ 25ನೆಯ ವೇದಿಕೆಯಲ್ಲಿ, ಹಿಂದೆ ‘ಚಿಯರ್ಸ್’ ಧಾರಾವಾಹಿ ತಯಾರಾಗುತ್ತಿದ್ದ ಜಾಗದಲ್ಲೇ, ಎದುರಿಗೆ ಜನರನ್ನು ಕೂರಿಸಿ ಚಿತ್ರಿಸುತ್ತಿದ್ದರು. ನಾಟಕದವರಿಗೆ ಇದು ಕೂಡಲೇ ಹಿಡಿಸುತ್ತದೆ. ನಟರು ನಗೆ ಇಳಿಯುವ ತನಕ ತಡೆದು ನಿಲ್ಲುವ ರೀತಿ ಕಂಪನಿ ನಾಟಕ ನೋಡಿದ ಕಣ್ಣಿಗೆ ಪರಿಚಿತ. ಒಂದು ದೃಶ್ಯದಿಂದ ಇನ್ನೊಂದಕ್ಕೆ ಹೋಗುವಾಗ ಸಂಗೀತದ ಅಬ್ಬರವಿಲ್ಲ, ಊರಿನ ಬೀದಿಗಳ ಚಿತ್ರವಿಲ್ಲ. ಕಪ್ಪು ತೆರೆ, ಅದರ ಮೇಲೆ ಬಿಳಿ ಅಕ್ಷರದಲ್ಲಿ ಒಂದು ಸಾಲು, ಅಷ್ಟೆ. ನೋಡುವವನು ಓದಬೇಕು, ಓದಿ ಮುಂದೇನಾದೀತೆಂದು ಊಹಿಸಬೇಕು.

ನೈಲ್ಸ್‌ನ ಹೆಂಡತಿ ಮ್ಯಾರಿಸ್‌ಳ ಮುಖ ಒಮ್ಮೆಯೂ ತೆರೆಯ ಮೇಲೆ ಕಾಣುವುದಿಲ್ಲ. ಅವಳು ಹೇಗಿದ್ದಾಳೆಂದು ಬೇರೆಯವರು ಹೇಳಿದ್ದಷ್ಟೇ ನಮಗೆ ಗೊತ್ತು. ವರ್ಷಗಟ್ಟಲೆ ಜೊತೆಗಿದ್ದೂ ಇಲ್ಲದಂತಿದ್ದ ಹೆಂಡತಿಯನ್ನು ತೋರಿಸಲು ಇದಕ್ಕಿಂತ ಸರಿಯಾದ ದಾರಿ ನನಗೆ ಹೊಳೆಯುವುದಿಲ್ಲ. ನೈಲ್ಸ್ ಪಾತ್ರದ ಡೇವಿಡ್ ಹೈಡ್ ಪಿಯರ್ಸ್ ಬೇಕಿದ್ದರೆ ಮಾತೇ ಇಲ್ಲದೆ ನಗಿಸಬಲ್ಲವನು. ಆರನೆಯ ಸೀಸನ್ನಿನಲ್ಲಿ ಪ್ರೇಮಿಗಳ ದಿನದ ಕಂತೊಂದಿದೆ. ನೈಲ್ಸ್ ಒಬ್ಬಳ ಬರವಿಗಾಗಿ ಅಣ್ಣನ ಮನೆಯಲ್ಲಿ ಕಾಯುತ್ತಿದ್ದಾನೆ. ಪ್ಯಾಂಟಿನ ಗೆರೆ ಓರೆಯಾಗಿ ಕಂಡಿತೆಂದು ಬಿಚ್ಚಿ ಇಸ್ತ್ರಿ ಮಾಡಲು ನಿಲ್ಲುತ್ತಾನೆ. ಎಳೆದಾರ ಕತ್ತರಿಸಲು ಹೋಗಿ ಬೆರಳಿಗೆ ಗಾಯ, ರಕ್ತ ಕಂಡರೆ ತಲೆ ತಿರುಗುವವನು ಕುಸಿದು ಬೀಳುತ್ತಾನೆ, ಇಸ್ತ್ರಿ ಪೆಟ್ಟಿಗೆ ಸುಡತೊಡಗುತ್ತದೆ, ಬೆಂಕಿ ಸೋಫಾಕ್ಕೆ ಹತ್ತುತ್ತದೆ. ಹಿನ್ನೆಲೆಯಲ್ಲಿ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ ಬಿಟ್ಟರೆ ನಿಮಿಷಗಟ್ಟಲೆ ಮಾತಿಲ್ಲ. ನಕ್ಕು ಸುಸ್ತಾದ ಮೇಲೆ ಹೊಳೆಯುತ್ತದೆ: ಮನೆಯಲ್ಲಿ ಇನ್ನೊಬ್ಬರು ಇದ್ದಿದ್ದರೆ ‘ಗೆರೆ ಸರಿಯಾಗೇ ಐತಿ, ಸುಮ್ಮನ ಕೂಡು’ ಎಂದು ಒಂದು ಮಾತು ಹೇಳುತ್ತಿದ್ದರು. ಅಷ್ಟೂ ಅನಾಹುತಕ್ಕೆ ಕಾರಣ ಆ ಒಂದು ಮಾತು ಹೇಳುವವರಿಲ್ಲದ್ದು. ಆ ಕಂತಿನಲ್ಲಿ ಉಳಿದವರಿಗೂ ಆ ಸಂಜೆ ಜೋಡಿ ಸಿಗುವುದಿಲ್ಲ.

ಜೋ ಕೀನನ್ ಬರೆದ ‘ದಿ ಮ್ಯಾಚ್‌ಮೇಕರ್’ ಎರಡನೆಯ ಸೀಸನ್ನಿನದು. ಫ್ರೇಜರ್ ತನ್ನ ಹೊಸ ಮೇಲಧಿಕಾರಿಯನ್ನು ಡ್ಯಾಫ್ನಿಗೆ ಜೋಡಿ ಮಾಡುವ ಆಸೆಯಿಂದ ಊಟಕ್ಕೆ ಕರೆಯುತ್ತಾನೆ. ಬಂದಾತ ಗಂಡಸರನ್ನು ಪ್ರೀತಿಸುವವನು. ಫ್ರೇಜರ್ ಕರೆದದ್ದು ತನಗಾಗಿಯೇ ಎಂದು ತಿಳಿದಿದ್ದಾನೆ. ಒಂದೇ ಮೇಜಿನ ಸುತ್ತ ಕೂತವರ ತಲೆಯಲ್ಲಿ ಬೇರೆ ಬೇರೆ ಸಂಜೆಗಳು ನಡೆಯುತ್ತಿವೆ. 1994ರಲ್ಲಿ ಇಂಥ ಪಾತ್ರವನ್ನು ಹಗುರವಾಗಿ ಆಡಿಕೊಂಡು ನಗಿಸುವುದು ಸುಲಭವಿತ್ತು. ಇಲ್ಲಿ ಆತ ಘನತೆ ಬಿಡದೆ ಬಂದು ಘನತೆ ಬಿಡದೆ ಹೋಗುತ್ತಾನೆ. ನಗೆಯೆಲ್ಲ ತಪ್ಪು ತಿಳಿವಳಿಕೆಯದು, ಆತನದಲ್ಲ.

ನನ್ನನ್ನು ಹೆಚ್ಚು ಕಾಡಿದ ಕಂತು ಮೊದಲ ವರ್ಷದ ಕ್ರಿಸ್‌ಮಸ್ಸಿನದು. ಹಬ್ಬಕ್ಕೆ ಮಗ ಫ್ರೆಡರಿಕ್ ಬರುತ್ತಾನೆಂದು ಫ್ರೇಜರ್ ಕಾದಿರುತ್ತಾನೆ. ಹುಡುಗ ತಾಯಿಯ ಜೊತೆ ಆಸ್ಟ್ರಿಯಾ ನೋಡಲು ಹೊರಟನೆಂದು ಕೊನೆಗಳಿಗೆಯಲ್ಲಿ ಸುದ್ದಿ ಬರುತ್ತದೆ. ಅಪ್ಪನೊಡನೆ ಜಗಳವಾಗುತ್ತದೆ. ಹಬ್ಬದ ದಿನ ಕೆಲಸ ಮಾಡುತ್ತೇನೆಂದು ಹಳೆಯ ಬಟ್ಟೆಯಲ್ಲೇ ರೇಡಿಯೊ ಕೇಂದ್ರಕ್ಕೆ ಹೋಗುತ್ತಾನೆ. ಆ ದಿನ ಕರೆ ಮಾಡುವವರೆಲ್ಲ ಒಬ್ಬರಿಗಿಂತ ಒಬ್ಬರು ದುಃಖಿಗಳು. ಮುಗಿಸಿಕೊಂಡು ಊಟಕ್ಕೆಂದು ಒಂದು ಅಗ್ಗದ ಖಾನಾವಳಿಗೆ ನುಗ್ಗುತ್ತಾನೆ. ಅಲ್ಲಿರುವವರು ಮನೆಮಠ ಇಲ್ಲದವರು, ಇದ್ದೂ ಹೋಗಲಾರದವರು. ಮಾತು ಬೆಳೆಯುತ್ತದೆ. ಊಟ ಮುಗಿದ ಮೇಲೆ ನೋಡುತ್ತಾನೆ, ಪಾಕೀಟು ತಂದಿಲ್ಲ. ಅವನ ವೇಷ, ಅವನ ಮುಖದ ಮೇಲಿನ ದಣಿವು ನೋಡಿ ಅಲ್ಲಿದ್ದವರು ಅವನನ್ನೂ ತಮ್ಮಂತೆ ಬೀದಿಗೆ ಬಿದ್ದವನೆಂದೇ ತಿಳಿದು, ತಮ್ಮ ತಮ್ಮ ಜೇಬು ತಡಕಿ ಚಿಲ್ಲರೆ ಕೂಡಿಸಿ ಅವನ ಊಟದ ಬಿಲ್ಲು ಕೊಡುತ್ತಾರೆ.

ಬೇರೆ ಧಾರಾವಾಹಿಯಾಗಿದ್ದರೆ ಇಲ್ಲಿ ಅವನು ಎದ್ದು ನಿಂತು ತಾನು ಯಾರೆಂದು ಹೇಳಿ, ಎಲ್ಲರಿಗೂ ಊಟ ಹಾಕಿಸಿ, ಕಣ್ಣೀರಿನ ಸಂಗೀತ ಬಾರಿಸುತ್ತಿತ್ತು. ಇಲ್ಲಿ ಫ್ರೇಜರ್ ಅದನ್ನು ಸ್ವೀಕರಿಸುತ್ತಾನೆ. ಹೊರಗೆ ನಿಂತಿರುವ ತನ್ನ ದುಬಾರಿ ಕಾರು ಅವರ ಕಣ್ಣಿಗೆ ಬೀಳಬಾರದಲ್ಲ ಎಂಬ ತವಕದಲ್ಲಿ ಹೊರಡುತ್ತಾನೆ. ನಾವು ನಗುತ್ತೇವೆ. ಆದರೆ ಅವನು ಅವರಿಗೆ ಮೋಸ ಮಾಡಿದನೇ? ಹಬ್ಬದ ದಿನ ಯಾರೂ ಇಲ್ಲದವನು ಎಂದು ಅವರು ಕಂಡದ್ದು ಸುಳ್ಳಲ್ಲ. ದುಡ್ಡಿನ ವಿಷಯದಲ್ಲಿ ಅವರು ತಪ್ಪಿದರು, ಮನುಷ್ಯನ ವಿಷಯದಲ್ಲಿ ತಪ್ಪಲಿಲ್ಲ. ದೀಪಾವಳಿಯ ಅಮಾವಾಸ್ಯೆಯ ದಿನ ಹೆದ್ದಾರಿಯ ಬದಿಯ ಧಾಬಾದಲ್ಲಿ ಒಬ್ಬಂಟಿಯಾಗಿ ಉಣ್ಣುವವರನ್ನು ನಮ್ಮ ಪುಣೆ-ಬೆಂಗಳೂರು ರಸ್ತೆಯಲ್ಲೂ ಕಾಣಬಹುದು. ಈ ಕಂತು ನೋಡಿದ ಮೇಲೆ ಅವರ ತಟ್ಟೆಯ ಕಡೆ 'ಲಾರಿ ಡ್ರೈವರ್ ಇರಬೇಕು' ಎಂದು ನೋಡಿ ಮುಖ ತಿರುಗಿಸಲು ಆಗುವುದಿಲ್ಲ.

ಬಿಟ್ಟ ಹೆಂಡತಿಯನ್ನು ಈ ಧಾರಾವಾಹಿ ನಡೆಸಿಕೊಳ್ಳುವ ರೀತಿಯನ್ನೂ ಹೇಳಬೇಕು. ಬೀಬಿ ನ್ಯೂವರ್ತ್ ಅಭಿನಯಿಸಿದ ಲಿಲಿತ್ ಆಗಾಗ ಬಾಸ್ಟನ್ನಿನಿಂದ ಬರುತ್ತಾಳೆ. ಬಿಗಿದು ಕಟ್ಟಿದ ಕೂದಲು, ಭಾವವಿಲ್ಲದ ದನಿ, ಫ್ರೇಜರನಷ್ಟೇ ಓದಿದವಳು. ಅವಳ ತಣ್ಣನೆಯ ಸ್ವಭಾವವನ್ನು ಎಲ್ಲರೂ ಆಡಿಕೊಳ್ಳುತ್ತಾರೆ, ಆದರೆ ಅವಳು ಖಳನಾಯಕಿಯಲ್ಲ. ಇಬ್ಬರ ನಡುವೆ ಹಳೆಯ ಒಲವಿನ ಕಾವು ಇನ್ನೂ ಆರಿಲ್ಲ, ಕೂಡಿ ಬಾಳಲಾಗದು ಎಂಬ ತಿಳಿವೂ ಅಷ್ಟೇ ಗಟ್ಟಿ. ಬೇರೆಯಾದ ಇಬ್ಬರೂ ಒಳ್ಳೆಯವರೇ ಆಗಿರಬಹುದು ಎಂಬುದು ನಮ್ಮಲ್ಲಿ ಹೇಳಲು ಇನ್ನೂ ಕಷ್ಟವಾದ ಮಾತು. ಸಂಬಂಧ ಮುರಿದರೆ ತಪ್ಪು ಯಾರದು ಎಂದು ಕಟ್ಟೆಯ ಮೇಲೆ ಕೂತವರಿಗೆಲ್ಲ ತೀರ್ಪು ಬೇಕು.

ಕನ್ನಡದ ಕಿರುತೆರೆಯಲ್ಲಿ ಮನೆಯೊಳಗಿನ ಹಾಸ್ಯ ಚೆನ್ನಾಗಿ ಬಂದಿದೆ. ‘ಪಾಪ ಪಾಂಡು’ವಿನ ಚಿದಾನಂದ್ ಮತ್ತು ಶಾಲಿನಿ ಜೋಡಿಯನ್ನು, ‘ಸಿಲ್ಲಿ ಲಲ್ಲಿ’ಯ ಗದ್ದಲವನ್ನು ನಮ್ಮ ಓಣಿಯೂ ಕಾದು ನೋಡಿದೆ. ಅಲ್ಲಿ ಗಂಡ ಹೆಂಡತಿ ಎಷ್ಟು ಕಚ್ಚಾಡಿದರೂ ಸಂಸಾರ ನಿಂತಿರುತ್ತದೆ. ನಿಂತಿರುತ್ತದೆ ಎಂಬ ಭರವಸೆಯಿಂದಲೇ ನಗೆ ಬರುತ್ತದೆ. ಬಿರುಕು ಬಿಟ್ಟ ಸಂಸಾರಗಳಿಗೆ ಗಂಭೀರ ಧಾರಾವಾಹಿಗಳಲ್ಲಿ ಜಾಗ ಸಿಕ್ಕಿತು, ಟಿ.ಎನ್. ಸೀತಾರಾಮ್ ಅವರ ಕೋರ್ಟಿನ ದೃಶ್ಯಗಳನ್ನು ಮರೆತವರು ಕಡಿಮೆ. ಸಂಸಾರ ಮುರಿದ ಮೇಲೂ ನಗುವ ಮನೆಯೊಂದು ಕನ್ನಡದಲ್ಲಿ ಬರಬೇಕೆಂಬುದು ನನ್ನ ಆಸೆ. ಹಾವೇರಿ, ಶಿಗ್ಗಾಂವಿಯಂಥ ಊರಿನಲ್ಲಿ ಒಂದು ಬಾಡಿಗೆ ಮನೆ, ನಿವೃತ್ತ ಹೆಡ್ ಕಾನ್‌ಸ್ಟೇಬಲ್ ಅಪ್ಪ, ಸೋಡಚೀಟಿಯಾಗಿ ಮರಳಿದ ಮಗ ಅಥವಾ ಮಗಳು. ಬೇಕಾದದ್ದೆಲ್ಲ ನಮ್ಮಲ್ಲಿದೆ.

ಮೊದಲ ಸೀಸನ್ನಿನ ಕೊನೆಯ ಕಂತು ಕಾಫಿ ಅಂಗಡಿ ಬಿಟ್ಟು ಹೊರಗೇ ಹೋಗುವುದಿಲ್ಲ. ಕಥೆಯ ಸಮಯವೂ ಕಂತಿನ ಸಮಯವೂ ಒಂದೇ. ಹೊರಗೆ ಮಳೆ. ನೈಲ್ಸ್ ಅಣ್ಣನನ್ನು ಕೇಳುತ್ತಾನೆ: ನೀನು ಸುಖವಾಗಿದ್ದೀಯಾ? ಫ್ರೇಜರ್ ಉತ್ತರ ತಪ್ಪಿಸುತ್ತಾನೆ. ನಡುವೆ ಅಪ್ಪ ಬರುತ್ತಾನೆ, ಡ್ಯಾಫ್ನಿ ಬರುತ್ತಾಳೆ, ರಾಝ್ ಬರುತ್ತಾಳೆ, ಒಬ್ಬೊಬ್ಬರೂ ತಮ್ಮ ತಮ್ಮ ಕಿರಿಕಿರಿ ತಂದು ಸುರಿಯುತ್ತಾರೆ. ಮಾತು ಮಗ್ಗದ ಲಾಳಿಯ ಹಾಗೆ ಆ ಮೇಜಿನಿಂದ ಈ ಮೇಜಿಗೆ ಓಡಾಡುತ್ತದೆ. ಫ್ರೇಜರ್ ಕೇಳಿದ ಕಾಫಿ ಒಂದು ಸಲವೂ ಸರಿಯಾಗಿ ಬರುವುದಿಲ್ಲ. ಕೊನೆಗೆ ಬೇಸತ್ತ ಪರಿಚಾರಿಕೆ ಸರಿಯಾದ ಕಾಫಿ ತಂದಿಟ್ಟು, ಈಗ ಸಮಾಧಾನವೇ ಎಂದು ಕೇಳುತ್ತಾಳೆ. ಅವನು ಒಂದು ಗಳಿಗೆ ಯೋಚಿಸಿ, ಒಟ್ಟಾರೆ ನೋಡಿದರೆ ಹೌದು ಎನ್ನುತ್ತಾನೆ. ತಮ್ಮ ಕೇಳಿದ ಪ್ರಶ್ನೆಗೆ ಉತ್ತರ ಕಾಫಿಯವಳಿಗೆ ಸಿಗುತ್ತದೆ. ಆಪ್ತರಿಗೆ ಹೇಳಲಾರದ್ದನ್ನು ಬಸ್ಸಿನಲ್ಲಿ ಪಕ್ಕ ಕೂತವರಿಗೆ ಹೇಳಿ ಇಳಿದುಹೋಗುವ ನಮ್ಮ ಜನರನ್ನು ಬಲ್ಲವರಿಗೆ ಇದು ವಿಚಿತ್ರವೆನಿಸದು.

ಎಲ್ಲವೂ ಈ ಎತ್ತರದಲ್ಲಿಲ್ಲ. ಏಳು ಸೀಸನ್ ಡ್ಯಾಫ್ನಿಗೆ ತಿಳಿಯದಂತೆ ಅವಳನ್ನು ಪ್ರೀತಿಸಿದ ನೈಲ್ಸ್ ಅವಳನ್ನು ಪಡೆದ ಮೇಲೆ ಅವನ ಪಾತ್ರದ ಬಿಗಿ ಸಡಿಲವಾಯಿತು. ಡ್ಯಾಫ್ನಿಯ ಪಾತ್ರದ ಜೇನ್ ಲೀವ್ಸ್ ಗರ್ಭಿಣಿಯಾಗಿದ್ದ ಕಾಲದಲ್ಲಿ ಡ್ಯಾಫ್ನಿ ದಪ್ಪಗಾದಳೆಂದು ಕಥೆ ಮಾಡಿ ಅದರ ಮೇಲೆ ಹೆಣೆದ ನಗೆ ಈ ಬರಹಗಾರರಿಗೆ ತಕ್ಕದ್ದಲ್ಲ. ಅವನ್ನು ದಾಟಿ ಹೋಗುವುದೇ ಮೇಲು. ನಡುವೆ ತಂಡಕ್ಕೆ ಸಾವಿನ ಪೆಟ್ಟೂ ಬಿತ್ತು: ಮೂವರು ನಿರ್ಮಾತೃಗಳಲ್ಲಿ ಒಬ್ಬನಾದ ಡೇವಿಡ್ ಏಂಜೆಲ್ 2001ರ ಸೆಪ್ಟೆಂಬರ್ 11ರಂದು ನ್ಯೂಯಾರ್ಕಿನ ಗೋಪುರಕ್ಕೆ ಬಡಿದ ವಿಮಾನದಲ್ಲಿ ಹೆಂಡತಿಯೊಡನೆ ಸತ್ತ. ಧಾರಾವಾಹಿಯ ಕೊನೆಯಲ್ಲಿ ನೈಲ್ಸ್ ಮತ್ತು ಡ್ಯಾಫ್ನಿಗೆ ಹುಟ್ಟುವ ಕೂಸಿಗೆ ಅವನ ನೆನಪಿನಲ್ಲಿ ಡೇವಿಡ್ ಎಂದು ಹೆಸರಿಟ್ಟರು.

ಕೊನೆಯ ಸೀಸನ್ ಮತ್ತೆ ಏರುತ್ತದೆ, ಅದನ್ನು ಎತ್ತಿದವನು ಅಪ್ಪ. ಹಿಂದೊಮ್ಮೆ ಮಕ್ಕಳನ್ನು ನೋಡಿಕೊಂಡಿದ್ದ ರೋನಿ ಎಂಬಾಕೆಯ ಜೊತೆ ಮಾರ್ಟಿನ್ ಮದುವೆಗೆ ನಿಲ್ಲುತ್ತಾನೆ. ನಮ್ಮ ಕಡೆ ಮುದುಕ ಅಪ್ಪ ಮರುಮದುವೆಯ ಮಾತೆತ್ತಿದರೆ ಮಕ್ಕಳಿಗೆ ಹೊಲ ನೆನಪಾಗುತ್ತದೆ, ಮನೆ ನೆನಪಾಗುತ್ತದೆ, ಜನ ಏನಂದಾರು ಎಂಬುದು ನೆನಪಾಗುತ್ತದೆ; ಅಪ್ಪ ರಾತ್ರಿ ಯಾರ ಜೊತೆ ಮಾತಾಡುತ್ತಾನೆ ಎಂಬುದು ನೆನಪಾಗುವುದು ತೀರ ಕಡಿಮೆ. ಕ್ರೇನ್ ಸೋದರರೂ ಮೊದಲು ತಡವರಿಸುತ್ತಾರೆ, ಆಮೇಲೆ ದಾರಿ ಬಿಡುತ್ತಾರೆ. ನಾಯಿ ಉಂಗುರ ನುಂಗುತ್ತದೆ, ಪಶುವೈದ್ಯರ ದವಾಖಾನೆಯಲ್ಲೇ ಡ್ಯಾಫ್ನಿಗೆ ಹೆರಿಗೆಯಾಗುತ್ತದೆ, ಮದುವೆ ಅವಸರದಲ್ಲಿ ನಡೆದುಹೋಗುತ್ತದೆ. ಅಪ್ಪ ಹೊಸ ಸಂಸಾರಕ್ಕೆ ಹೊರಟಾಗ ಕುರ್ಚಿಯೂ ಹೊರಡುತ್ತದೆ. ಹನ್ನೊಂದು ವರ್ಷ ಅದರ ಮೇಲೆ ಮುಖ ಸಿಂಡರಿಸಿದ ಫ್ರೇಜರನಿಗೆ ಈಗ ಪಡಸಾಲೆ ತಾನು ಮೊದಲು ಬಯಸಿದಂತೆಯೇ ಆಗಿದೆ, ಅಲ್ಲಿ ಇರಲು ಮನಸ್ಸಿಲ್ಲ.

ಕೊನೆಯ ಪ್ರಸಾರದಲ್ಲಿ ಅವನು ಕೇಳುಗರಿಗೆ ಟೆನಿಸನ್ನನ ‘ಯುಲಿಸಿಸ್’ ಪದ್ಯದ ಸಾಲುಗಳನ್ನು ಓದುತ್ತಾನೆ, ವಯಸ್ಸಾದ ಮೇಲೂ ಹಡಗು ಬಿಚ್ಚುವ ಅರಸನ ಪದ್ಯ. ಎಲ್ಲರೂ ಅವನು ಹೊಸ ಕೆಲಸಕ್ಕಾಗಿ ಸ್ಯಾನ್ ಫ್ರಾನ್ಸಿಸ್ಕೊಗೆ ಹೊರಟನೆಂದು ತಿಳಿದಿದ್ದಾರೆ. ವಿಮಾನದಲ್ಲಿ ಪಕ್ಕದ ಸೀಟಿನ ಅಪರಿಚಿತ ಹೆಂಗಸಿಗೆ ತನ್ನ ಕಥೆಯೆಲ್ಲ ಹೇಳುತ್ತಾನೆ. ಇಳಿದ ಊರು ಚಿಕಾಗೊ. ಕೆಲವೇ ವಾರಗಳ ಪರಿಚಯದ ಶಾರ್ಲಟ್ ಅಲ್ಲಿಗೆ ಹೋಗಿದ್ದಾಳೆ. ಅವಳು ಒಪ್ಪುತ್ತಾಳೋ ಇಲ್ಲವೋ ಅವನಿಗೂ ಗೊತ್ತಿಲ್ಲ, ಬರೆದವರೂ ಹೇಳಲಿಲ್ಲ. 2023ರಲ್ಲಿ ಅದೇ ಹೆಸರಿನಲ್ಲಿ ಧಾರಾವಾಹಿ ಮತ್ತೆ ಶುರುವಾಗಿ ಎರಡು ಸೀಸನ್ ನಡೆಯಿತು. ಮಹೋನಿ 2018ರಲ್ಲಿ ತೀರಿಕೊಂಡಿದ್ದರಿಂದ ಅದರಲ್ಲಿ ಅಪ್ಪನಿಲ್ಲ. ಈ ಸಲ ಫ್ರೇಜರನೇ ಅಪ್ಪ. ಬೆಳೆದ ಮಗ ಬಾಸ್ಟನ್ನಿನಲ್ಲಿ ಅಗ್ನಿಶಾಮಕ ದಳದಲ್ಲಿದ್ದಾನೆ, ಅಪ್ಪನ ರುಚಿಗಳೊಂದೂ ಅವನಿಗೆ ಹಿಡಿಸುವುದಿಲ್ಲ. ನೋಡಲು ತೊಡಗುವವರು ಮಾತ್ರ 1993ರ ಮೊದಲ ಕಂತಿನಿಂದಲೇ ತೊಡಗಲಿ, ಕುರ್ಚಿ ಬರುವ ದೃಶ್ಯ ತಪ್ಪಿಸಿಕೊಳ್ಳದಿರಲಿ.